ವಾಟರ್ ಪೋಲೊ ಬಿಟ್ಟರೆ ಮಾತ್ರ ಒಳ್ಳೆಯ ಸಿವಿಲ್ ಇಂಜಿನಿಯರ್ ಆಗಬಹುದೇ?

ಸಿವಿಲ್ ಓದುತ್ತಾ ವಾಟರ್ ಪೋಲೊ, ಅಂದರೆ ಈಜುತ್ತಾ ಆಡುವ ಚೆಂಡಾಟಕ್ಕೆಂದು ಈಜುಕೊಳಕ್ಕೂ ಹೋಗುವವರಿಗೆ ನೀವು ಕೇಳಿದ ಈ ಗೊಂದಲ ಹೊಸದಲ್ಲ, ನನಗೂ ಇತ್ತು. ಆದರೆ ಎರಡರಲ್ಲಿ ಒಂದನ್ನು ಬಿಡಲೇಬೇಕೆಂಬ ನಿಮ್ಮ ಲೆಕ್ಕವೇ ಸರಿಯಿಲ್ಲ. ಎರಡನ್ನೂ ಮಾಡಿದ ಹಂಗೇರಿಯ ಶಾಂದೋರ್ ತಾರಿಚ್ ಬಗ್ಗೆ ಓದಿ.

ಹುಟ್ಟಿದ್ದು 1913, ಬುಡಾಪೆಸ್ಟ್. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದಾಗ ವಯಸ್ಸು 22. ಜರ್ಮನಿಯ ಎದುರು ಪಂದ್ಯ 2–2 ಸಮ, ಅಂಕಗಳೂ ಸಮ. ಕೊನೆಯ ಗುಂಪಿನಲ್ಲಿ ಜರ್ಮನಿ 14 ಗೋಲು ಹೊಡೆದು 4 ಬಿಟ್ಟುಕೊಟ್ಟಿತ್ತು. ಹಂಗೇರಿ 10 ಹೊಡೆದು ಎರಡನ್ನಷ್ಟೇ ಬಿಟ್ಟುಕೊಟ್ಟಿತ್ತು. ಆಗ ಹೊಡೆದ ಗೋಲನ್ನು ಬಿಟ್ಟುಕೊಟ್ಟದ್ದರಿಂದ ಭಾಗಿಸಿ ನೋಡುತ್ತಿದ್ದರು: ಜರ್ಮನಿಯ 3.5ರ ಎದುರು ಹಂಗೇರಿಯದು 5. ಕಳೆದು ನೋಡಿದ್ದರೆ ಚಿನ್ನ ಜರ್ಮನಿಯದು!

ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಹೋಗಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಭೂಕಂಪ ಇಂಜಿನಿಯರಿಂಗ್ ಹಿಡಿದರು. ಹೆಸರು ತಂದದ್ದು ಕ್ಯಾಲಿಫೋರ್ನಿಯಾದ ರ‍್ಯಾಂಚೊ ಕುಕಮೊಂಗದ ನ್ಯಾಯಾಲಯ ಕಟ್ಟಡ. 1985ರಲ್ಲಿ ಮುಗಿದ ಇದು ಬೇಸ್ ಐಸೊಲೇಶನ್ (ನೆಲದ ಅಲುಗಾಟ ಕಟ್ಟಡಕ್ಕೆ ಅಷ್ಟಾಗಿ ಏರದಂತೆ ಬುಡವನ್ನು ಬೇರ್ಪಡಿಸುವ ವಿಧಾನ) ಮೇಲೆ ನಿಂತ ಅಮೆರಿಕದ ಮೊದಲ ಕಟ್ಟಡ. ಭೂಕಂಪ ಹುಟ್ಟಿಸುವ ಸ್ಯಾನ್ ಆಂಡ್ರಿಯಾಸ್ ಬಿರುಕು ಅಲ್ಲಿಂದ ಸುಮಾರು 20 ಕಿ.ಮೀ.; ಕಟ್ಟಡದ ಕೆಳಗಿರುವುದು 98 ರಬ್ಬರ್ ಬೇರಿಂಗ್‌ಗಳು, ಅಂದರೆ ಭಾರ ಹೊರುವ ದಿಂಬುಗಳು.

ಕಂಬ, ಗೋಡೆ ದಪ್ಪ ಮಾಡಿದರೆ ಕಟ್ಟಡ ಉಳಿಯುತ್ತದೆ ಎಂಬ ನಂಬಿಕೆಯೇ ದುಬಾರಿ ತಪ್ಪು. ದಪ್ಪವಾದಷ್ಟೂ ಬಿಗಿ, ಬಿಗಿಯಾದಷ್ಟೂ ತೂಗುವ ಅವಧಿ (ಒಮ್ಮೆ ಆಚೀಚೆ ತೂಗಲು ಹಿಡಿಯುವ ಸಮಯ) ಕಡಿಮೆ. ನಾಲ್ಕು ಮಹಡಿಯದಕ್ಕೆ ಅದು ಅರ್ಧ ಸೆಕೆಂಡಿನ ಆಸುಪಾಸು, ಗಟ್ಟಿ ನೆಲದ ಅಲುಗಾಟ ಜೋರಾಗಿರುವುದೂ ಅಲ್ಲೇ. ಚೌಕಟ್ಟು ನಿಂತರೂ ಸೀಲಿಂಗ್, ಪೈಪು, ಯಂತ್ರಗಳು ಉದುರುತ್ತವೆ. ಬೇರಿಂಗ್ ಆ ಅವಧಿಯನ್ನು 2 ಸೆಕೆಂಡಿನತ್ತ ಎಳೆಯುತ್ತದೆ. ಬರೀ ರಬ್ಬರ್ ಭಾರಕ್ಕೆ ಉಬ್ಬುತ್ತದೆ. ಅದಕ್ಕೇ ತೆಳು ರಬ್ಬರ್ ಪದರಗಳ ನಡುವೆ ಉಕ್ಕಿನ ತಗಡು ಇಟ್ಟು, ಬಿಸಿಮಾಡಿ ಬೆಸೆಯುತ್ತಾರೆ. ಮೇಲಿಂದ ಗಟ್ಟಿ, ಅಡ್ಡಕ್ಕೆ ಮೆದು.

ಕೆಡುವುದು ಹೆಚ್ಚಾಗಿ ಕಟ್ಟಡ ಮುಗಿದ ಮೇಲೆ. ಕಟ್ಟಡ ಅಡ್ಡಕ್ಕೆ ಹತ್ತಾರು ಸೆಂ.ಮೀ. ಸರಿಯಬೇಕು, ಸುತ್ತ ಅಷ್ಟು ಕಂದಕ ಖಾಲಿ ಇರಬೇಕು. ಯಾರೋ ರ‍್ಯಾಂಪ್‌ಗೆಂದು ಅಲ್ಲಿ ಕಾಂಕ್ರೀಟ್ ಸುರಿದರೆ ಕಟ್ಟಡ ಅದಕ್ಕೇ ಗುದ್ದುತ್ತದೆ. ಗ್ಯಾಸು, ನೀರಿನ ಪೈಪಿಗೆ ಬಾಗುವ ಜೋಡಣೆಯೇ ಬೇಕು. ಮೆದು ಕೆರೆಮಣ್ಣಿನ ಮೇಲಂತೂ ಈ ವಿಧಾನ ಬೇಡ: 1985ರ ಭೂಕಂಪದಲ್ಲಿ ಮೆಕ್ಸಿಕೊ ಸಿಟಿಯ ಅಂಥ ನೆಲ ತೂಗಿದ್ದೇ 2 ಸೆಕೆಂಡಿನ ಲಯದಲ್ಲಿ, ಬೇರಿಂಗ್ ಕಟ್ಟಡವನ್ನು ಎಳೆಯುವುದೂ ಅಲ್ಲಿಗೇ.

ಚಿನ್ನಕ್ಕೂ ಈ ಕಟ್ಟಡಕ್ಕೂ ನಡುವೆ 49 ವರ್ಷ. 2016ರಲ್ಲಿ ತೀರಿಕೊಂಡಾಗ ತಾರಿಚ್‌ಗೆ 102. ನಿಮಗೇನು ಅವಸರ? ಆಟ ಬಿಡಬೇಡಿ. ಕಟ್ಟಡಗಳ ಅಲುಗಾಟದ ಲೆಕ್ಕ ಕಲಿಸುವ ಸ್ಟ್ರಕ್ಚರಲ್ ಡೈನಮಿಕ್ಸ್ ವಿಷಯ ಐಚ್ಛಿಕವಾಗಿದ್ದರೂ ತಗೊಳ್ಳಿ, ಅದನ್ನು ಬಿಟ್ಟರೆ ಮಾತ್ರ ಬೈಯುತ್ತೇನೆ.