ಓದುಗರ ಪ್ರಶ್ನೆ, ತಂತ್ರದ ಉತ್ತರ: ಪುತ್ತರಿ ವಿಡಿಯೊ ನಿಂತು ನಿಂತು ಓಡುವುದೇಕೆ?

ಪ್ರಶ್ನೆ: ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿ ಕದಿರು ಕೊಯ್ದದ್ದನ್ನೂ ಊರ ಬಯಲಾದ ಮಂದ್‌ನಲ್ಲಿ ನಡೆದ ಕೋಲಾಟವನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿ, ಎಡಿಟ್ ಮಾಡಿ ನಮ್ಮ ಒಕ್ಕದ (ಮನೆತನದ) ವೆಬ್‌ಸೈಟಿಗೆ ಹಾಕಿದ್ದೇವೆ. 12 ನಿಮಿಷ, ಸುಮಾರು 1.5 ಜಿಬಿ. ಬೆಂಗಳೂರಿನ ನೆಂಟರಿಗೇ ನಿಂತು ನಿಂತು ಓಡುತ್ತದೆ. ಇಲ್ಲಿ ತೋಟದ ಮನೆಯಲ್ಲಂತೂ ಚಕ್ರ ಸುತ್ತುತ್ತಲೇ ಇರುತ್ತದೆ. ಏನು ಮಾಡಬೇಕು?
— ಓದುಗರು, ಪೊನ್ನಂಪೇಟೆ

ಉತ್ತರ: ನೀವು ಹೇಳಿದ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 17 ಮೆಗಾಬಿಟ್ ಹರಿಯಬೇಕು. ಅಷ್ಟು ವೇಗ ಎಡೆಬಿಡದೆ ಸಿಗದ ಕಡೆ ವಿಡಿಯೊ ನಿಲ್ಲಲೇಬೇಕು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಕುಗ್ಗಿಸಿ: 720ಪಿ, ಎಚ್.264 (ವಿಡಿಯೊ ಕುಗ್ಗಿಸುವ ವಿಧಾನ), ಸರಾಸರಿ ಬಿಟ್‌ರೇಟ್ 2500 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್), ಎರಡು ಸುತ್ತಿನ ಎನ್‌ಕೋಡಿಂಗ್ (‘ಮಲ್ಟಿ-ಪಾಸ್’). ಧ್ವನಿಗೆ ಎಎಸಿ ವಿಧಾನ, 128 ಕೆಬಿಪಿಎಸ್. ಫೈಲು 240 ಎಂಬಿಯ ಆಸುಪಾಸಿಗೆ ಬರುತ್ತದೆ. ಸಿಗ್ನಲ್ ತೀರಾ ಕಡಿಮೆ ಇರುವವರಿಗಾಗಿ 480ಪಿ, 1000 ಕೆಬಿಪಿಎಸ್‌ನ ಇನ್ನೊಂದು ಪ್ರತಿಯನ್ನೂ ಪಕ್ಕದಲ್ಲೇ ಇಡಿ.

ಶುರುವಿನಲ್ಲೇ ಚಕ್ರ ಸುತ್ತುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಯಾವ ಫ್ರೇಮ್ ಎಲ್ಲಿದೆ ಎಂಬ ಸೂಚಿಯನ್ನು ಹಲವು ಎಡಿಟರ್‌ಗಳು ಎಂಪಿ4 ಫೈಲಿನ ಕೊನೆಯಲ್ಲಿ ಬರೆಯುತ್ತವೆ. ಅದು ಕೈಗೆ ಸಿಗುವವರೆಗೆ ಬ್ರೌಸರ್ ಒಂದು ಫ್ರೇಮನ್ನೂ ತೋರಿಸಲಾರದು. ಹ್ಯಾಂಡ್‌ಬ್ರೇಕ್‌ನ ‘ವೆಬ್ ಆಪ್ಟಿಮೈಸ್ಡ್’ ಚೌಕಕ್ಕೆ ಗುರುತು ಹಾಕಿದರೆ ಸೂಚಿ ಮೊದಲಿಗೆ ಬರುತ್ತದೆ. ಇದನ್ನು ಮಾತ್ರ ಮರೆಯಬೇಡಿ.

ಇನ್ನು ನಿಮ್ಮ ಗದ್ದೆಯ ದೃಶ್ಯ. ಕತ್ತಲಲ್ಲಿ ಮೊಬೈಲ್ ತೆಗೆದ ಚಿತ್ರದ ತುಂಬ ಸಣ್ಣ ಚುಕ್ಕೆಗಳು ಕುಣಿಯುತ್ತಿರುತ್ತವೆ. ಪ್ರತಿ ಫ್ರೇಮಿನಲ್ಲೂ ಅವು ಬೇರೆಬೇರೆ ಇರುವುದರಿಂದ ವಿಡಿಯೊ ಕುಗ್ಗಿಸುವ ಎನ್‌ಕೋಡರ್ ಅದನ್ನೂ ಚಲನೆಯೆಂದೇ ತಿಳಿದು ಅದಕ್ಕೇ ಬಿಟ್ ಸುರಿಯುತ್ತದೆ. ಕದಿರು ಹಿಡಿದ ಕೈ, ಮುಖಗಳು ಮಸುಕಾಗುತ್ತವೆ. ಫಿಲ್ಟರ್ಸ್‌ನಲ್ಲಿ ಈ ಚುಕ್ಕೆ ಅಳಿಸುವ ಡಿನಾಯ್ಸ್ ಅನ್ನು ‘ಲೈಟ್’ಗೆ ಇಡಿ. ಅದಕ್ಕಿಂತ ಹೆಚ್ಚಿಸಿದರೆ ಮುಖ ಮೇಣದಂತಾಗುತ್ತದೆ. ಗಾಳಿಗೆ ಅಲುಗುವ ಸಿಲ್ವರ್ ಓಕ್ ಎಲೆ, ಮಳೆ, ಕೈನಡುಕ ಇವೂ ಬಿಟ್ ನುಂಗುವಂಥವೇ. ಗದ್ದೆಗೆ ನಡೆದುಹೋಗುವಾಗ ಅಲ್ಲಾಡಿದ ತುಣುಕುಗಳನ್ನು ಧೈರ್ಯವಾಗಿ ಕತ್ತರಿಸಿ, ಕದಿರು ಕೊಯ್ಯುವ ಗಳಿಗೆಯನ್ನು ಪೂರ್ತಿ ಉಳಿಸಿ.

ನೆಂಟರಿಂದ ತುಣುಕು ತರಿಸುವಾಗ ವಾಟ್ಸ್ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ವಿಡಿಯೊ ಎಂದು ಕಳಿಸಿದರೆ ದಾರಿಯಲ್ಲೇ ಕುಗ್ಗಿರುತ್ತದೆ, ಕಳೆದುಹೋದ ವಿವರ ಮತ್ತೆ ಬಾರದು. ಎಲ್ಲ ಮುಗಿದ ಮೇಲೆ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲೇ ಒಮ್ಮೆ ಪೂರ್ತಿ ನೋಡಿ.

ಪ್ರಶ್ನೆ: ಮೊಬೈಲಿನಲ್ಲಿ ತೆಗೆದ ಕುಣಿತದ ವಿಡಿಯೊವನ್ನು ಎಡಿಟ್ ಮಾಡಿದ ಮೇಲೆ, ಕೊನೆಕೊನೆಗೆ ವಾಲಗದ ಸದ್ದು ಹೆಜ್ಜೆಗೆ ಕೂಡುವುದಿಲ್ಲ.
— ಓದುಗರು, ವಿರಾಜಪೇಟೆ

ಉತ್ತರ: ಹಲವು ಮೊಬೈಲುಗಳು ಬೆಳಕು ಕಡಿಮೆಯಾದಾಗ ಸೆಕೆಂಡಿಗೆ 30ರ ಬದಲು 24, 27 ಫ್ರೇಮ್ ಹೀಗೆ ಏರಿಳಿಸುತ್ತವೆ. ಕೆಲವು ಎಡಿಟರ್‌ಗಳು ಅದನ್ನು ಸಮ ಎಂದೇ ಎಣಿಸುತ್ತವೆ, ವ್ಯತ್ಯಾಸ ಬೆಳೆಯುತ್ತಾ ಹೋಗುತ್ತದೆ. ಎಡಿಟ್‌ಗೆ ಮುನ್ನವೇ ಮೂಲ ತುಣುಕುಗಳನ್ನು ಹ್ಯಾಂಡ್‌ಬ್ರೇಕ್‌ನಲ್ಲಿ 30 ಎಫ್‌ಪಿಎಸ್ (ಸೆಕೆಂಡಿಗೆ 30 ಫ್ರೇಮ್), ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ಗೆ ಬದಲಿಸಿ. ಈ ಹಂತದಲ್ಲಿ ಗುಣಮಟ್ಟದ ಅಳತೆ ಆರ್‌ಎಫ್ 16ರಷ್ಟಿರಲಿ (ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು). ಕುಗ್ಗಿಸುವ ಕೆಲಸ ಕೊನೆಗೆ ಒಂದೇ ಸಲ.

ಪ್ರಶ್ನೆ: ಹಳೆಯ ಮಿನಿ ಡಿವಿ ಕ್ಯಾಸೆಟ್ಟಿನ ಮದುವೆ ವಿಡಿಯೊದಲ್ಲಿ ಅಲುಗಿದರೆ ಸಾಕು, ಅಡ್ಡಗೆರೆ ಮೂಡುತ್ತದೆ.
— ಓದುಗರು, ಮಡಿಕೇರಿ

ಉತ್ತರ: ಅದು ಇಂಟರ್‌ಲೇಸ್ಡ್ ಚಿತ್ರ, ಅಂದರೆ ಬೇರೆಬೇರೆ ಕ್ಷಣದ ಎರಡು ಅರ್ಧಚಿತ್ರಗಳನ್ನು ಗೆರೆ ಬಿಟ್ಟು ಗೆರೆ ಹೆಣೆದದ್ದು. ಹ್ಯಾಂಡ್‌ಬ್ರೇಕ್‌ನ ಡಿಇಂಟರ್‌ಲೇಸ್‌ನಲ್ಲಿ ‘ಬಾಬ್’ ಆರಿಸಿ, 50 ಎಫ್‌ಪಿಎಸ್ ಆಗಿ ತೆಗೆಯಿರಿ, ಕುಣಿತ ನಯವಾಗಿ ಕಾಣುತ್ತದೆ. ಮೂಲ ಇರುವುದೇ 720×576. 1080ಪಿಗೆ ಹಿಗ್ಗಿಸಿದರೆ ಬಿಟ್ ದಂಡ. 2000 ಕೆಬಿಪಿಎಸ್ ಸಾಕು.