ಕಥೆಯ ಪಾತ್ರಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದೆಂದು ಕಂಡುಕೊಳ್ಳುವುದು ಹೇಗೆ?

ಪಾತ್ರದ ಇಷ್ಟಾನಿಷ್ಟಗಳ ಪಟ್ಟಿ ಬರೆದಿಟ್ಟುಕೊಂಡರೆ ಇದು ಸಿಗುವುದಿಲ್ಲ. ಪಾತ್ರಕ್ಕೆ ಪ್ರಿಯವಾದ ಎರಡು ಸಂಗತಿಗಳಲ್ಲಿ ಒಂದನ್ನು ಬಿಡಲೇಬೇಕಾದ ಸಂದರ್ಭವನ್ನು ಒಡ್ಡಿ, ಅದು ಯಾವುದನ್ನು ಬಿಡುತ್ತದೆ, ಬಿಡುವ ಮುನ್ನ ಎಷ್ಟು ತಡವರಿಸುತ್ತದೆ ಎಂಬುದನ್ನು ಬರೆದೇ ನೋಡಬೇಕು.

1965ರಲ್ಲಿ ಪ್ರಕಟವಾದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಲ್ಲಿ, ಆಚಾರಗೆಟ್ಟ ನಾರಣಪ್ಪನ ಶವಸಂಸ್ಕಾರಕ್ಕೆ ಅಗ್ರಹಾರದ ಬ್ರಾಹ್ಮಣರು ಯಾರೂ ಮುಂದೆ ಬರುವುದಿಲ್ಲ. ಅವನೊಡನೆ ಬಾಳಿದ ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿ ಖರ್ಚಿಗೆಂದು ಮುಂದಿಟ್ಟೊಡನೆ, ಅದುವರೆಗೆ ಹಿಂಜರಿಯುತ್ತಿದ್ದವರಲ್ಲೇ ಕೆಲವರ ಕಣ್ಣು ಚಿನ್ನದತ್ತ ಹೊರಳುತ್ತದೆ. ಅವರಿಗೆ ಯಾವುದು ಮುಖ್ಯವೆಂದು ಲೇಖಕರು ಬೇರೆಯಾಗಿ ವಿವರಿಸಬೇಕಾಗಿಲ್ಲ. ಚಂದ್ರಿಗೆ ಯಾವುದು ಮುಖ್ಯವಲ್ಲ ಎಂಬುದೂ ಅದೇ ಗಳಿಗೆಯಲ್ಲಿ ತಿಳಿದುಹೋಗುತ್ತದೆ. ಒಂದೇ ವಸ್ತುವನ್ನು ಹಲವರ ನಡುವೆ ಇಡುವ ಈ ಉಪಾಯ, ನನ್ನ ಮಟ್ಟಿಗೆ, ಪುಟಗಟ್ಟಲೆ ಸ್ವಗತಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಪಾತ್ರ ಬಾಯಲ್ಲಿ ಹೇಳುವುದನ್ನು ಪೂರ್ತಿ ನಂಬಬೇಡಿ. ಮಗಳ ಓದಿಗಾಗಿ ಜಮೀನನ್ನೆಲ್ಲ ಮಾರುತ್ತೇನೆ ಎನ್ನುವ ತಂದೆಯೊಬ್ಬ, ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರಕ್ಕೆ ಸಹಿ ಹಾಕುವ ಮೊದಲು, ಬಾವಿಯಿರುವ ಮೂಲೆಯ ಐದು ಗುಂಟೆಯನ್ನು ಮಾತ್ರ ಬಿಟ್ಟು ಬರೆಯಿರಿ ಎಂದು ಹಟ ಹಿಡಿದನೆಂದುಕೊಳ್ಳಿ. ಆ ಐದು ಗುಂಟೆಯ ಕಾರಣವನ್ನು ಹುಡುಕಿ. ಸಿಕ್ಕ ಉತ್ತರ ನೀವು ಮೊದಲೇ ಅಂದುಕೊಂಡದ್ದೇ ಆಗಿದ್ದರೆ, ಇಕ್ಕಟ್ಟನ್ನು ಇನ್ನಷ್ಟು ಬಿಗಿಗೊಳಿಸಿ ಆ ದೃಶ್ಯವನ್ನು ಮತ್ತೊಮ್ಮೆ ಬರೆಯಿರಿ.