ಬಾವಿ ಹೂಳಿನಲ್ಲಿ ಹಳೆ ಮದ್ದಿನ ಬಂದೂಕು ಸಿಕ್ಕರೆ ಏನು ಮಾಡಬೇಕು?

ಬೀದರ್ ಕಡೆ ಹಳೆ ಬಾವಿಯ ಹೂಳು ತೆಗೆಯುವಾಗ ಇಂಥದ್ದು ಸಿಕ್ಕರೆ ಬಿಸಿಲಿಗೆ ಮಾತ್ರ ಇಡಬೇಡಿ. ಒಣಗುತ್ತಿದ್ದಂತೆ ತುಕ್ಕಿನೊಳಗಿನ ಕ್ಲೋರೈಡ್ ಎಂಬ ಉಪ್ಪಿನಂಶ ಕಬ್ಬಿಣವನ್ನು ಪದರು ಪದರಾಗಿ ಉದುರಿಸುತ್ತದೆ, ಮರದ ಹಿಡಿ ಕುಗ್ಗಿ ಸೀಳುತ್ತದೆ. ಪ್ಲಾಸ್ಟಿಕ್ ಟಬ್‌ನಲ್ಲಿ ಪೂರ್ತಿ ಮುಳುಗಿಸಿಡಿ. ಬರೀ ನಳಿಕೆಯಾದರೆ ಲೀಟರ್ ನೀರಿಗೆ 50 ಗ್ರಾಂ ವಾಷಿಂಗ್ ಸೋಡಾ. ಮರ ಅಂಟಿದ್ದರೆ ಸೋಡಾ ಬೇಡ, ಅದು ಮರವನ್ನೇ ತಿನ್ನುತ್ತದೆ. ಸಾದಾ ನೀರು ಸಾಕು. ವೈರ್ ಬ್ರಷ್ ಹಾಕಿದರೆ ತುಕ್ಕಿನ ಜೊತೆ ಕೆತ್ತನೆಯೂ ಹೋಯಿತು.

ಒಳಗೆ ಮದ್ದು ಇನ್ನೂ ಇರಬಹುದು. ಕರಿಮದ್ದು ಒಣಗಿದರೆ ಎಷ್ಟು ಹಳೆಯದಾದರೂ ಹೊತ್ತಿಕೊಳ್ಳಬಲ್ಲದು. ಹಾಗಾಗಿ ಕಡ್ಡಿ ಹಾಕಿ ಕೆದಕುವ ಚಟ ಬಿಡಿ, ನಳಿಕೆಯ ಬಾಯಿ ಯಾರ ಕಡೆಗೂ ತಿರುಗಿಸಬೇಡಿ.

ಸಿಕ್ಕ ಜಾಗ, ಆಳ ಬರೆದಿಟ್ಟು ಫೋಟೊ ತೆಗೆದು, ಪೊಲೀಸ್ ಠಾಣೆಗೂ ಜಿಲ್ಲಾಧಿಕಾರಿ ಕಚೇರಿಗೂ ಲಿಖಿತವಾಗಿ ತಿಳಿಸಿ. ಕೋಟೆಯೊಳಗಿನ ಬಾವಿಯಾದರೆ ಪುರಾತತ್ವ ಸರ್ವೇಕ್ಷಣೆಯವರು ಬರುವವರೆಗೆ ಕೈಯೇ ಹಚ್ಚಬೇಡಿ.